ಕ್ಯಾಶ್‌ಬ್ಯಾಕ್ ಕಾರ್ಡು: ಯಾರ ರೊಕ್ಕ, ಯಾರ ಕಿಸೆಗೆ?

ನರಗುಂದದ ಹತ್ತಿ ಗಿರಣಿಯೊಂದರಲ್ಲಿ ದುಡಿಯುವ ಕಾಮಗಾರ ಬಂಧುವೊಬ್ಬರು ಹೋದ ತಿಂಗಳು ನಮ್ಮ ಕಚೇರಿಗೆ ಬಂದಿದ್ದರು. ಕೈಯಲ್ಲಿ ಮಡಚಿದ ಎರಡು ಹಾಳೆಗಳಿದ್ದವು. ಅವನ್ನು ಮೇಜಿನ ಮೇಲೆ ಬಿಚ್ಚಿಟ್ಟು, "ಮಾಸ್ತರ್ರ, ಇದರಾಗ ಬ್ಯಾಂಕಿನವರು ನನಗ ರೊಕ್ಕ ಕೊಟ್ಟಾರೋ, ನಾನ ಅವರಿಗೆ ಕೊಟ್ಟೇನೋ, ಒಂದು ಸಲ ನೋಡಿ ಹೇಳ್ರಿ" ಎಂದರು. ನಾವು ಮಾಸ್ತರಿಕೆ ಬಿಟ್ಟು ವರ್ಷಗಳಾದರೂ ಲೆಕ್ಕ ಕೇಳಿಕೊಂಡು ಬರುವವರು ಕಡಿಮೆಯಾಗಿಲ್ಲ. ಹಾಳೆಗಳನ್ನು ಓದಿದೆವು.

ಸಂಗತಿ ಇಷ್ಟು. ಎರಡು ವರ್ಷದ ಹಿಂದೆ ಅವರು ಹುಬ್ಬಳ್ಳಿಗೆ ಹೋದಾಗ ಒಂದು ದೊಡ್ಡ ಮಳಿಗೆಯ ಬಾಗಿಲಲ್ಲಿ ನಿಂತಿದ್ದ ಯುವಕನೊಬ್ಬ ಕ್ರೆಡಿಟ್ ಕಾರ್ಡಿಗೆ ಅರ್ಜಿ ಬರೆಸಿಕೊಂಡನು. ಮೊದಲ ವರ್ಷ ಪುಕ್ಕಟೆ, ಕಿರಾಣಿ ಸಾಮಾನು ಕೊಂಡರೆ ನೂರಕ್ಕೆ ಇಷ್ಟು ರೂಪಾಯಿ ತಿರುಗಿ ನಿಮಗೇ ಬರುತ್ತದೆ ಎಂದು ಹೇಳಿದನು. ಎರಡನೆಯ ವರ್ಷಕ್ಕೆ 500 ರೂಪಾಯಿ ಶುಲ್ಕವುಂಟು ಎಂಬ ಮಾತು ಅರ್ಜಿಯಲ್ಲಿತ್ತು, ಅವನ ಬಾಯಲ್ಲಿರಲಿಲ್ಲ. ನಮ್ಮ ಬಂಧು ಎಣ್ಣೆ, ಸಕ್ಕರೆ, ಸಾಬೂನುಗಳನ್ನು ಆ ಕಾರ್ಡಿನಿಂದ ಕೊಂಡರು. ಹೋದ ಒಂದು ವರ್ಷದಲ್ಲಿ ಅವರ ಲೆಕ್ಕಕ್ಕೆ ತಿರುಗಿ ಬಂದದ್ದು 312 ರೂಪಾಯಿ. ಅದೇ ವರ್ಷ ಶುಲ್ಕವೆಂದು ಹೋದದ್ದು ಜಿಎಸ್‌ಟಿ ಸೇರಿ 590 ರೂಪಾಯಿ. ಮನೆಯಲ್ಲಿ ಮದುವೆಯಿದ್ದ ತಿಂಗಳು ಅವರು ಬಿಲ್ಲಿನ 'ಕನಿಷ್ಠ ಮೊತ್ತ'ವನ್ನಷ್ಟೇ ಕಟ್ಟಿದ್ದರು. ಮರುತಿಂಗಳು ಅದನ್ನೂ ತಡವಾಗಿ ಕಟ್ಟಿದ್ದರು. ಬಡ್ಡಿ, ದಂಡ, ಅವೆರಡರ ಮೇಲಿನ ತೆರಿಗೆ ಎಲ್ಲ ಸೇರಿ 1,040 ರೂಪಾಯಿ. ಬಂದದ್ದು 312, ಹೋದದ್ದು 1,630. "ನೀವ ಅವರಿಗೆ ಕೊಟ್ಟೀರಿ, 1,318 ರೂಪಾಯಿ" ಎಂದು ಹೇಳಬೇಕಾಯಿತು. ಅವರು ಹಾಳೆ ಮಡಚಿಕೊಂಡು, "ಹಂಗಾರ ಶುಲ್ಕ ಇಲ್ಲದ ಕಾರ್ಡು ತಗೊಳ್ಳಲ್ಯಾ?" ಎಂದು ಕೇಳಿದರು.

ಈ ಪ್ರಶ್ನೆ ಅವರೊಬ್ಬರದೇ ಅಲ್ಲ. ರೋಣ, ನರಗುಂದ, ಗಜೇಂದ್ರಗಡಗಳಲ್ಲಿ ನಾವು ಹೋದಲ್ಲೆಲ್ಲ ಇದನ್ನು ಕೇಳುವವರಿದ್ದಾರೆ. 2024ರ ಆರಂಭದಲ್ಲಿ ದೇಶದಲ್ಲಿರುವ ಕ್ರೆಡಿಟ್ ಕಾರ್ಡುಗಳ ಸಂಖ್ಯೆ 10 ಕೋಟಿಯನ್ನು ದಾಟಿತು. ಮಹಾನಗರಗಳಲ್ಲಿ ಗಿರಾಕಿಗಳು ತುಂಬಿದ ಮೇಲೆ ಈ ವ್ಯಾಪಾರ ತಾಲೂಕು ಊರುಗಳ ಕಡೆಗೆ ಮುಖ ಮಾಡಿದೆ. ಆದ್ದರಿಂದ ಕಾಮಗಾರ ಬಂಧುಗಳೂ ಸಣ್ಣ ವ್ಯಾಪಾರಿ ಬಂಧುಗಳೂ ಈ ವಿಷಯವನ್ನು ಬೇರಿನಿಂದ ತಿಳಿದುಕೊಳ್ಳುವುದು ಅವಶ್ಯಕ.

ಎರಡು ಬಗೆಯ ಕಾರ್ಡುಗಳು

ಕ್ಯಾಶ್‌ಬ್ಯಾಕ್ ಎಂದರೆ ಖರ್ಚು ಮಾಡಿದ ಹಣದಲ್ಲಿ ಒಂದು ಪಾಲು ತಿರುಗಿ ಬರುವುದು. ಈ ಕಾರ್ಡುಗಳಲ್ಲಿ ಸ್ಥೂಲವಾಗಿ ಎರಡು ಜಾತಿ. ಒಂದಕ್ಕೆ ವಾರ್ಷಿಕ ಶುಲ್ಕವಿಲ್ಲ. 2018ರಲ್ಲಿ ಅಮೆಜಾನ್ ಕಂಪನಿಯೂ ಐಸಿಐಸಿಐ ಬ್ಯಾಂಕೂ ಕೂಡಿ ಹೊರತಂದ ಕಾರ್ಡು ಈ ಜಾತಿಯದು. ಆ ಕಂಪನಿಯ ಅಂಗಡಿಯಲ್ಲಿ ಕೊಂಡರೆ ಹೆಚ್ಚು, ಹೊರಗೆ ಕೊಂಡರೆ ನೂರಕ್ಕೆ ಒಂದು ರೂಪಾಯಿ ಎಂಬುದು ಅದರ ಕರಾರಾಗಿತ್ತು. ಇನ್ನೊಂದು ಜಾತಿಗೆ ಶುಲ್ಕವುಂಟು. 2022ರ ಸೆಪ್ಟೆಂಬರಿನಲ್ಲಿ ಎಸ್‌ಬಿಐ ಕಾರ್ಡ್ ಕಂಪನಿ ಹೊರತಂದ ಕ್ಯಾಶ್‌ಬ್ಯಾಕ್ ಕಾರ್ಡಿಗೆ ವರ್ಷಕ್ಕೆ 999 ರೂಪಾಯಿ ಶುಲ್ಕ, ಮೇಲೆ ಜಿಎಸ್‌ಟಿ. ಇಂಟರ್‌ನೆಟ್ ಮೂಲಕ ಕೊಂಡರೆ ನೂರಕ್ಕೆ 5, ಅಂಗಡಿಗೆ ಹೋಗಿ ಕೊಂಡರೆ ನೂರಕ್ಕೆ 1, ವರ್ಷಕ್ಕೆ ಎರಡು ಲಕ್ಷ ರೂಪಾಯಿ ಖರ್ಚು ಮಾಡಿದರೆ ಶುಲ್ಕ ಮಾಫಿ ಎಂಬುದು ಹೊರಬಂದಾಗಿನ ಕರಾರು.

ಈ ಕರಾರುಗಳು ಕಲ್ಲಿನ ಮೇಲೆ ಕೆತ್ತಿದವಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ಇಂದು ನೂರಕ್ಕೆ 5 ಕೊಡುವವರು ನಾಳೆ ನೋಟೀಸು ಕೊಟ್ಟು 2ಕ್ಕೆ ಇಳಿಸಬಹುದು, ತಿಂಗಳಿಗೆ ಇಂತಿಷ್ಟೇ ಎಂದು ಮಿತಿ ಹಾಕಬಹುದು, ಬಾಡಿಗೆ, ಪೆಟ್ರೋಲು, ಬಂಗಾರಗಳನ್ನು ಪಟ್ಟಿಯಿಂದ ತೆಗೆಯಬಹುದು. ಅವರು ಕೊಡುವುದು ಕೃಪೆ. ನೀವು ಕಟ್ಟುವುದು ಬಾಧ್ಯತೆ. ಇವೆರಡರ ನಡುವಿನ ಅಂತರವನ್ನು ಮರೆಯಬಾರದು.

ಲೆಕ್ಕ ಹೀಗೆ ಹಾಕಬೇಕು

ಶುಲ್ಕದ ಕಾರ್ಡೋ, ಶುಲ್ಕವಿಲ್ಲದ್ದೋ ಎಂಬುದನ್ನು ತಿಳಿಯಲು ದೊಡ್ಡ ವಿದ್ಯೆ ಬೇಕಿಲ್ಲ. ಆರನೆಯ ಇಯತ್ತೆಯ ಲೆಕ್ಕ ಸಾಕು. ಶುಲ್ಕಕ್ಕೆ ನೂರಕ್ಕೆ 18ರಂತೆ ಜಿಎಸ್‌ಟಿ ಕೂಡಿಸಿರಿ. 999 ರೂಪಾಯಿಯ ಶುಲ್ಕ 1,179 ಆಗುತ್ತದೆ. 500ರದು 590 ಆಗುತ್ತದೆ. ಆಮೇಲೆ ಎರಡು ಕಾರ್ಡುಗಳು ಕೊಡುವ ದರದ ಅಂತರ ನೋಡಿರಿ. ಒಂದು 5, ಇನ್ನೊಂದು 1 ಕೊಟ್ಟರೆ ಅಂತರ 4. ನೂರು ರೂಪಾಯಿ ಖರ್ಚಿಗೆ ನಾಲ್ಕು ರೂಪಾಯಿ ಹೆಚ್ಚು ಸಿಕ್ಕರೆ 1,179 ರೂಪಾಯಿ ಹುಟ್ಟಲು ವರ್ಷಕ್ಕೆ 29,475 ರೂಪಾಯಿ, ಅಂದರೆ ತಿಂಗಳಿಗೆ ಹೆಚ್ಚುಕಡಿಮೆ 2,456 ರೂಪಾಯಿ, ಆ ಹೆಚ್ಚಿನ ದರ ಸಿಗುವ ಕಡೆಯಲ್ಲೇ ಖರ್ಚಾಗಬೇಕು. ಅದಕ್ಕಿಂತ ಕಡಿಮೆಯಾದರೆ ಶುಲ್ಕದ ಕಾರ್ಡು ನಷ್ಟ. ಹೆಚ್ಚಾದರೆ ಲಾಭ. 590 ರೂಪಾಯಿಯ ಶುಲ್ಕಕ್ಕೆ ಅದೇ ರೀತಿ ವರ್ಷಕ್ಕೆ 14,750 ರೂಪಾಯಿ ಬೇಕು. ದರದ ಅಂತರ ಬರೇ 1 ಇದ್ದರೆ ಅದೇ 590 ಹುಟ್ಟಲು 59,000 ರೂಪಾಯಿ ಬೇಕು.

'ಹೆಚ್ಚಿನ ದರ ಸಿಗುವ ಕಡೆಯಲ್ಲೇ' ಎಂಬ ಮಾತಿನಲ್ಲಿ ಎಲ್ಲ ಮರ್ಮವಿದೆ. ನಮ್ಮ ಊರುಗಳ ಮನೆಯ ಸಂತೆ ಹೇಗೆ ನಡೆಯುತ್ತದೆ ಎಂಬುದನ್ನು ಬ್ಯಾಂಕಿನವರು ಬಲ್ಲರೋ ಇಲ್ಲವೋ, ಓದುಗರಂತೂ ಬಲ್ಲರು. ಸುಗ್ಗಿಯಲ್ಲಿ ವರ್ಷದ ಜೋಳವನ್ನು ರೈತನಿಂದಲೋ ಅಡತಿಯಿಂದಲೋ ಚೀಲಗಟ್ಟಲೆ ಕೊಳ್ಳುತ್ತೇವೆ. ಕಡಲೆ, ಹೆಸರು ರೋಣದ ಕರಿನೆಲದಲ್ಲೇ ಬೆಳೆಯುತ್ತವೆ. ಕಾಯಿಪಲ್ಲೆ ಸಂತೆಯಲ್ಲಿ, ಹಾಲು ಓಣಿಯಲ್ಲಿ, ಹಿಟ್ಟು ಗಿರಣಿಯಲ್ಲಿ. ಉಳಿದದ್ದು ಓಣಿಯ ಕಿರಾಣಿ ಅಂಗಡಿಯಲ್ಲಿ. ಸಂತೆಯಲ್ಲಿ ಮೆಣಸಿನಕಾಯಿ ಮಾರುವ ತಾಯಿಯ ಹತ್ತಿರ ಕಾರ್ಡು ತಿಕ್ಕುವ ಮಷಿನ್ ಇರುವುದಿಲ್ಲ. ಹತ್ತು ನಿಮಿಷದಲ್ಲಿ ಮನೆಬಾಗಿಲಿಗೆ ಸಾಮಾನು ತರುವ ವ್ಯಾಪಾರ ದೊಡ್ಡ ನಗರಗಳದು.

ಒಂದು ಮನೆಯ ದಿನಸಿ ಖರ್ಚು ತಿಂಗಳಿಗೆ 6,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ಅದರಲ್ಲಿ ಕಾಯಿಪಲ್ಲೆ, ಹಾಲು, ಗಿರಣಿಗೆ 2,400. ಓಣಿಯ ಅಂಗಡಿಗೆ 2,100. ಮಷಿನ್ ಇರುವ ಪೇಟೆಯ ಅಂಗಡಿಯಲ್ಲಿ ಅಥವಾ ಫೋನಿನ ಮೂಲಕ ತರಿಸಿದ ಎಣ್ಣೆ, ಸಾಬೂನು, ಚಹಾಪುಡಿಗಳಿಗೆ 1,500. ಕಾರ್ಡಿಗೆ ದಕ್ಕುವುದು ಈ 1,500 ಮಾತ್ರ, ವರ್ಷಕ್ಕೆ 18,000. ಇದೆಲ್ಲಕ್ಕೂ ನೂರಕ್ಕೆ 5ರಂತೆಯೇ ಸಿಕ್ಕಿತೆಂದು ಉದಾರವಾಗಿ ಹಿಡಿದರೂ ಬರುವುದು 900 ರೂಪಾಯಿ. ಶುಲ್ಕ 1,179. ಕೈಯಿಂದ 279 ಹೋಯಿತು. ಶುಲ್ಕವಿಲ್ಲದ ಕಾರ್ಡಿನಲ್ಲಿ ನೂರಕ್ಕೆ ಒಂದರಂತೆ 180 ರೂಪಾಯಿ ಬಂದಿತು. 590 ರೂಪಾಯಿಯ ಶುಲ್ಕವಾದರೆ 310 ಉಳಿಯುತ್ತದೆ ನಿಜ; ಆದರೆ ಆ ಖರೀದಿಯಲ್ಲಿ ಅರ್ಧ ಅಂಗಡಿಯಲ್ಲಾಗಿ ನೂರಕ್ಕೆ ಒಂದೇ ಸಿಕ್ಕರೆ ಒಟ್ಟು ಬರುವುದು 540, ಮತ್ತೆ 50 ರೂಪಾಯಿ ನಷ್ಟ.

ಪಕ್ಷಪಾತವಿಲ್ಲದೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಅದೇ 6,000ವನ್ನು ಪೂರ್ತಿಯಾಗಿ ಫೋನಿನಲ್ಲೇ ಕೊಳ್ಳುವ ಮನೆಗೆ ವರ್ಷಕ್ಕೆ 72,000 ರೂಪಾಯಿಯ ಮೇಲೆ 3,600 ಬರುತ್ತದೆ. 1,179 ಶುಲ್ಕ ಕಳೆದರೂ 2,421 ಉಳಿಯುತ್ತದೆ. ಶುಲ್ಕವಿಲ್ಲದ ಕಾರ್ಡು ಅವರಿಗೆ 720 ಮಾತ್ರ ಕೊಡುತ್ತದೆ. ಬೆಂಗಳೂರಿನಲ್ಲಿ ನೌಕರಿ ಮಾಡುವ ನಿಮ್ಮ ಮಗಳಿಗೆ ಶುಲ್ಕದ ಕಾರ್ಡು ಸರಿಯಾಗಿರಬಹುದು. ಗಜೇಂದ್ರಗಡದಲ್ಲಿ ಮಗ್ಗ ನಡೆಸುವ ನಿಮಗೆ ಅದೇ ಕಾರ್ಡು ನಷ್ಟವಾಗಬಹುದು. ಕಾರ್ಡು ಒಳ್ಳೆಯದೋ ಕೆಟ್ಟದ್ದೋ ಎಂಬುದು ಕಾರ್ಡಿನಲ್ಲಿಲ್ಲ, ನಿಮ್ಮ ಸಂತೆಯ ಚೀಟಿಯಲ್ಲಿದೆ.

ಶುಲ್ಕ ಮಾಫಿಯ ಆಸೆಯ ಬಗ್ಗೆಯೂ ಒಂದು ಮಾತು. ವರ್ಷಕ್ಕೆ ಎರಡು ಲಕ್ಷವೆಂದರೆ ತಿಂಗಳಿಗೆ 16,667 ರೂಪಾಯಿ. ನಮ್ಮ ಎಷ್ಟೋ ಕಾಮಗಾರರ ಇಡೀ ಪಗಾರವೇ ಅಷ್ಟಿಲ್ಲ. ವರ್ಷದ ಕೊನೆಯಲ್ಲಿ "ಇನ್ನು ಹತ್ತು ಸಾವಿರ ಖರ್ಚು ಮಾಡಿದರೆ ಶುಲ್ಕ ಮಾಫಿ" ಎಂದು ಸಂದೇಶ ಬಂದಾಗ ಬೇಡದ ಮಿಕ್ಸರನ್ನು ಮನೆಗೆ ತಂದವರಿದ್ದಾರೆ. 1,179 ಉಳಿಸಲು 10,000 ಕಳೆಯುವುದು ಯಾವ ಊರಿನ ಜಾಣತನ? 1980ರ ಜುಲೈಯಲ್ಲಿ ನರಗುಂದದ ರೈತರು, ಸರಿಯಾಗಿ ನೀರು ಬಾರದ ಹೊಲಕ್ಕೂ ಅಭಿವೃದ್ಧಿ ಕರವೇಕೆ ಎಂದು ಸರಕಾರವನ್ನು ಕೇಳಿದರು. ಅದೇ ನರಗುಂದದ ಕಾಮಗಾರನು, ನನ್ನ ಮನೆಗೆ ಬಾರದ ಲಾಭಕ್ಕೆ ನಾನು ಶುಲ್ಕ ಏಕೆ ಕಟ್ಟಬೇಕು ಎಂದು ತನ್ನನ್ನೇ ಕೇಳಿಕೊಂಡರೆ ಸಾಕು.

ಶುಲ್ಕಕ್ಕಿಂತ ದೊಡ್ಡದು ಬಡ್ಡಿ

ಇಲ್ಲಿಯ ತನಕ ಹೇಳಿದ್ದು ಪ್ರತಿ ತಿಂಗಳೂ ಬಿಲ್ಲನ್ನು ಪೂರ್ತಿ ಕಟ್ಟುವವರ ಲೆಕ್ಕ. ಪೂರ್ತಿ ಕಟ್ಟದವನಿಗೆ ಶುಲ್ಕದ ಪ್ರಶ್ನೆಯೇ ಸಣ್ಣದು. ಕ್ರೆಡಿಟ್ ಕಾರ್ಡಿನ ಬಾಕಿಯ ಮೇಲೆ ಸಾಮಾನ್ಯವಾಗಿ ತಿಂಗಳಿಗೆ ನೂರಕ್ಕೆ ಮೂರೂವರೆ, ಕೆಲವೆಡೆ ಅದಕ್ಕೂ ಹೆಚ್ಚು, ಬಡ್ಡಿ ಬೀಳುತ್ತದೆ. ವರ್ಷಕ್ಕೆ ಅದು ನೂರಕ್ಕೆ 42. ಬಡ್ಡಿಯ ಮೇಲೆ ಮತ್ತೆ ಜಿಎಸ್‌ಟಿ. ಹಳೆಯ ಕಾಲದ ಸಾವಕಾರನ ಬಡ್ಡಿಯನ್ನು ನಾವು ಇದೇ ಪುಟಗಳಲ್ಲಿ ಖಂಡಿಸಿದ್ದೇವೆ. ಇದು ಅದಕ್ಕಿಂತ ಕಡಿಮೆಯದೇನೂ ಅಲ್ಲ. ವ್ಯತ್ಯಾಸವೆಂದರೆ ಸಾವಕಾರನ ಮನೆ ಎಲ್ಲಿದೆ ಎಂದು ಗೊತ್ತಿತ್ತು.

10,000 ರೂಪಾಯಿಯ ಬಿಲ್ಲು ಬಂದಿದೆ, 'ಕನಿಷ್ಠ ಮೊತ್ತ' 500 ಎಂದು ಬರೆದಿದೆ, ಅದನ್ನಷ್ಟೇ ಕಟ್ಟಿದಿರಿ ಎಂದು ತಿಳಿಯಿರಿ. ಉಳಿದ 9,500ರ ಮೇಲೆ ಒಂದು ತಿಂಗಳಿಗೆ ಮೂರೂವರೆಯಂತೆ ಬಡ್ಡಿ 332 ರೂಪಾಯಿ 50 ಪೈಸೆ. ಜಿಎಸ್‌ಟಿ ಸೇರಿ 392. ವಾಸ್ತವದಲ್ಲಿ ಬಡ್ಡಿಯನ್ನು ಸಾಮಾನು ಕೊಂಡ ದಿನದಿಂದಲೇ ಎಣಿಸುವುದರಿಂದ ಇನ್ನೂ ಹೆಚ್ಚೇ ಆಗುತ್ತದೆ. ಮೇಲಿನ ಉದಾಹರಣೆಯ ಮನೆಗೆ ಶುಲ್ಕವಿಲ್ಲದ ಕಾರ್ಡು ವರ್ಷವಿಡೀ ಕೊಟ್ಟದ್ದು 180. ಒಂದು ತಿಂಗಳ ಅಲಕ್ಷ್ಯ ಎರಡು ವರ್ಷದ ಕ್ಯಾಶ್‌ಬ್ಯಾಕನ್ನು ನುಂಗಿಬಿಟ್ಟಿತು. ಅಷ್ಟೇ ಅಲ್ಲ, ಬಾಕಿ ಉಳಿಸಿಕೊಂಡವನು ಮುಂದೆ ಕೊಳ್ಳುವ ಸಾಮಾನಿಗೂ ಬಡ್ಡಿಯಿಲ್ಲದ ದಿನಗಳ ಸವಲತ್ತು ಹೋಗುತ್ತದೆ. ಇಂದು ತಂದ ಸಕ್ಕರೆಗೆ ಇಂದಿನಿಂದಲೇ ಬಡ್ಡಿ. ಎಟಿಎಂನಲ್ಲಿ ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆದರಂತೂ ಬಡ್ಡಿಯಿಲ್ಲದ ದಿನವೇ ಇಲ್ಲ, ಮೇಲೆ ಬೇರೆ ಶುಲ್ಕ.

ಈ ಬಡ್ಡಿಗೆ ಕಟ್ಟು ಹಾಕುವ ಪ್ರಯತ್ನ ನಡೆಯದೆ ಇಲ್ಲ. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವು ವರ್ಷಕ್ಕೆ ನೂರಕ್ಕೆ 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನ್ಯಾಯದ ವ್ಯಾಪಾರ ಪದ್ಧತಿ ಎಂದು ತೀರ್ಪಿತ್ತಿತು. ಬ್ಯಾಂಕುಗಳು ಸುಪ್ರೀಂ ಕೋರ್ಟಿಗೆ ಹೋದವು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಮಾಡಿತು. ಬಡ್ಡಿ ಗೊತ್ತುಮಾಡುವುದು ಆಯೋಗದ ಕೆಲಸವಲ್ಲ, ಅದು ರಿಸರ್ವ್ ಬ್ಯಾಂಕಿಗೆ ಸೇರಿದ ವಿಷಯ ಎಂಬುದು ನ್ಯಾಯಾಲಯದ ಅಭಿಪ್ರಾಯ. ಹಾಗಾದರೆ ಕೇಳಬೇಕಾದದ್ದು ರಿಸರ್ವ್ ಬ್ಯಾಂಕನ್ನು ಮತ್ತು ಅದನ್ನು ನಡೆಸುವ ಸರಕಾರವನ್ನು.

ಈ ರೊಕ್ಕ ಎಲ್ಲಿಂದ ಬರುತ್ತದೆ?

ಬ್ಯಾಂಕು ಧರ್ಮಛತ್ರವಲ್ಲ. ಗಿರಾಕಿಗೆ ತಿರುಗಿ ಕೊಡುವ ರೊಕ್ಕವನ್ನು ಅದು ಎಲ್ಲಿಂದಲೋ ತರಬೇಕಷ್ಟೆ. ಅದಕ್ಕಿರುವ ಊಟೆಗಳು ಮೂರು: ಶುಲ್ಕ, ಬಾಕಿದಾರನ ಬಡ್ಡಿ ಮತ್ತು ಅಂಗಡಿಕಾರನು ಕೊಡುವ ಕಮಿಷನ್ನು. ಮೂರನೆಯದರ ಬಗ್ಗೆ ಕಾಮಗಾರರಿಗೆ ತಿಳಿದಿರುವುದು ಕಡಿಮೆ, ವ್ಯಾಪಾರಿಗಳಿಗೆ ತಿಳಿದಿದೆ. ಕ್ರೆಡಿಟ್ ಕಾರ್ಡಿನಿಂದ 1,000 ರೂಪಾಯಿಯ ಸಾಮಾನು ಮಾರಿದರೆ ವ್ಯಾಪಾರಿಯ ಲೆಕ್ಕಕ್ಕೆ 1,000 ಬರುವುದಿಲ್ಲ. ಸಾಮಾನ್ಯವಾಗಿ 15-20 ರೂಪಾಯಿ ಕಡಿದುಕೊಂಡು ಬರುತ್ತದೆ. ಡೆಬಿಟ್ ಕಾರ್ಡಿನ ಕಮಿಷನ್ನಿಗೆ 2018ರ ಜನವರಿಯಿಂದ ರಿಸರ್ವ್ ಬ್ಯಾಂಕು ಮಿತಿ ಹಾಕಿತು. 20 ಲಕ್ಷ ರೂಪಾಯಿಯವರೆಗೆ ವಹಿವಾಟಿರುವ ಸಣ್ಣ ವ್ಯಾಪಾರಿಗೆ ಮಷಿನ್ ಮೂಲಕವಾದರೆ ನೂರಕ್ಕೆ 40 ಪೈಸೆಗಿಂತ ಹೆಚ್ಚಿಲ್ಲ. 2020ರ ಜನವರಿಯಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿಗೆ ಕಮಿಷನ್ನೇ ಇಲ್ಲ. ಕ್ರೆಡಿಟ್ ಕಾರ್ಡಿಗೆ ಮಾತ್ರ ಅಂಥ ಮಿತಿ ಹಾಕಲಿಲ್ಲ.

ಸಕ್ಕರೆ, ಎಣ್ಣೆ, ಅಕ್ಕಿಗಳಲ್ಲಿ ಕಿರಾಣಿ ವ್ಯಾಪಾರಿಗೆ ನೂರಕ್ಕೆ ಎಷ್ಟು ಉಳಿಯುತ್ತದೆ ಎಂಬುದನ್ನು ರೋಣದ ಪೇಟೆಯಲ್ಲಿ ಯಾರನ್ನಾದರೂ ಕೇಳಿರಿ. ಉಳಿಯುವ ಎರಡು ಮೂರು ರೂಪಾಯಿಯಲ್ಲಿ ಎರಡನ್ನು ಕಾರ್ಡು ಒಯ್ದರೆ ಅವನು ಏನು ಮಾಡಬೇಕು? ಒಂದೋ ಕಾರ್ಡು ಬೇಡ ಎನ್ನಬೇಕು, ಇಲ್ಲವೇ ಗಿರಾಕಿಯಿಂದ ನೂರಕ್ಕೆ ಎರಡು ಹೆಚ್ಚು ಕೇಳಬೇಕು, ಇಲ್ಲವೇ ಎಲ್ಲರಿಗೂ ಬೆಲೆ ಏರಿಸಬೇಕು. ಹೆಚ್ಚು ಕೇಳಿದರೆ ನೂರಕ್ಕೆ ಒಂದು ಕ್ಯಾಶ್‌ಬ್ಯಾಕಿನ ಆಸೆಗೆ ನೂರಕ್ಕೆ ಎರಡು ಕೊಟ್ಟ ಹಾಗಾಯಿತು. ಎಲ್ಲರಿಗೂ ಬೆಲೆ ಏರಿಸಿದರೆ ನಗದು ಎಣಿಸಿಕೊಟ್ಟು ಪಾವು ಕಿಲೋ ಚಹಾಪುಡಿ ಒಯ್ಯುವ ಕೂಲಿಹೆಂಗಸು ಕಾರ್ಡುದಾರನ ಕ್ಯಾಶ್‌ಬ್ಯಾಕಿಗೆ ಪಾಲು ಕೊಟ್ಟಂತಾಯಿತು.

ಇದು ನಮ್ಮ ಕಲ್ಪನೆಯಲ್ಲ. ಅಮೆರಿಕದ ಬೋಸ್ಟನ್ನಿನ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು 2010ರಲ್ಲಿ ಇದೇ ಲೆಕ್ಕ ಹಾಕಿದರು. ಆ ದೇಶದಲ್ಲಿ ನಗದು ಕೊಡುವ ಮನೆಯು ಸರಾಸರಿ ವರ್ಷಕ್ಕೆ 149 ಡಾಲರನ್ನು ಕಾರ್ಡು ಬಳಸುವ ಮನೆಗಳಿಗೆ ತನಗೆ ಗೊತ್ತಿಲ್ಲದೆಯೇ ದಾಟಿಸುತ್ತದೆ, ಕಾರ್ಡು ಬಳಸುವ ಮನೆ ಸರಾಸರಿ 1,133 ಡಾಲರನ್ನು ಪಡೆಯುತ್ತದೆ ಎಂದು ಅವರು ಕಂಡರು. ಬಡವನಿಂದ ಉಳ್ಳವನಿಗೆ ಹಣ ಹರಿಯುವ ಕಾಲುವೆಯಿದು. ಯುರೋಪಿನ ಒಕ್ಕೂಟವು 2015ರಲ್ಲಿ ಕಾಯಿದೆ ಮಾಡಿ, ಕ್ರೆಡಿಟ್ ಕಾರ್ಡಿನ ವ್ಯವಹಾರದಲ್ಲಿ ಅಂಗಡಿಕಾರನ ಬ್ಯಾಂಕು ಕಾರ್ಡು ಕೊಟ್ಟ ಬ್ಯಾಂಕಿಗೆ ತೆರುವ ಪಾಲಿಗೆ ನೂರಕ್ಕೆ 30 ಸೆಂಟು ಎಂಬ ಮಿತಿ ಹಾಕಿತು. ಅಲ್ಲಿ ಸಾಧ್ಯವಾದದ್ದು ಇಲ್ಲಿ ಏಕೆ ಸಾಧ್ಯವಾಗಬಾರದು?

ನಮ್ಮಲ್ಲಿ ಒಂದು ದಾರಿ ಅರ್ಧ ತೆರೆದಿದೆ. 2022ರ ಸೆಪ್ಟೆಂಬರಿನಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿ, ಅಂಗಡಿಯ ಕ್ಯೂಆರ್ ಚೀಟಿಯ ಮೇಲೆಯೇ ಹಣ ಕೊಡಬಹುದಾಗಿದೆ. ಸಣ್ಣ ವ್ಯಾಪಾರಿಗೆ 2,000 ರೂಪಾಯಿಯವರೆಗಿನ ಇಂಥ ವ್ಯವಹಾರಕ್ಕೆ ಕಮಿಷನ್ನಿಲ್ಲ ಎಂದು ಅದೇ ವರ್ಷದ ಅಕ್ಟೋಬರಿನಲ್ಲಿ ಗೊತ್ತುಮಾಡಲಾಯಿತು. ಅಂಗಡಿಕಾರನ ಕ್ಯೂಆರ್ ಅವನ ಖಾಸಗಿ ಲೆಕ್ಕದ್ದಾಗಿರದೆ ವ್ಯಾಪಾರದ್ದಾಗಿರಬೇಕು. ಆದರೆ ನಮ್ಮ ವ್ಯಾಪಾರಿಗಳ ಅಂಜಿಕೆ ಬೇರೆಯೇ ಇದೆ. 2025ರ ಜುಲೈಯಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟೀಸು ಹೋದಾಗ ಬೆಂಗಳೂರಿನ ಅಂಗಡಿಗಳ ಮುಂದೆ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಹಲಗೆ ತೂಗಿದವು. ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದು ಮುಖ್ಯಮಂತ್ರಿಗಳೇ ಹೇಳಬೇಕಾಯಿತು. ಕಾರ್ಡಿಗೆ ಹೌದೆನ್ನಲು ವ್ಯಾಪಾರಿ ಹಿಂಜರಿದರೆ ಅವನನ್ನು ಹಳೆಗಾಲದವನೆಂದು ಹಂಗಿಸುವುದು ಸರಿಯಲ್ಲ.

ಉದ್ರಿ ಪುಸ್ತಕವೂ ಕಾರ್ಡೂ

ಕೆಲವರು ಕೇಳಬಹುದು: ಓಣಿಯ ಅಂಗಡಿಯ ಉದ್ರಿಗಿಂತ ಕಾರ್ಡು ಮೇಲಲ್ಲವೇ? ಉದ್ರಿಯನ್ನು ನಾವು ಹೊಗಳುತ್ತಿಲ್ಲ. ಉದ್ರಿ ಒಯ್ಯುವವನಿಗೆ ಬೇಳೆಗೆ ಎರಡು ರೂಪಾಯಿ ಹೆಚ್ಚು ಬರೆಯುವ ಅಂಗಡಿಗಳಿವೆ. ಉದ್ರಿ ಮುಳುಗಿ ಅಂಗಡಿ ಮುಚ್ಚಿದ ವ್ಯಾಪಾರಿಗಳೂ ಇದ್ದಾರೆ. ಕಾರ್ಡಿನಿಂದ ವ್ಯಾಪಾರಿಗೆ ತನ್ನ ಹಣ ಬೇಗ ಕೈಸೇರುತ್ತದೆ, ವಸೂಲಿಗೆ ಮನೆಮನೆ ತಿರುಗುವ ಕಾಟ ತಪ್ಪುತ್ತದೆ. ಇದು ಸಣ್ಣ ಮಾತಲ್ಲ. ಗಿರಾಕಿಗೂ, ಪೂರ್ತಿ ಕಟ್ಟುವವನಾದರೆ, ನಲವತ್ತು ನಲವತ್ತೈದು ದಿನಗಳವರೆಗೆ ಬಡ್ಡಿಯಿಲ್ಲದ ಅವಕಾಶ ಸಿಗುತ್ತದೆ.

ಆದರೆ ಒಂದು ಅಂತರವಿದೆ. ಗಿರಣಿ ಒಂದು ತಿಂಗಳು ಬಂದಾದರೆ, ಮನೆಯಲ್ಲಿ ಜಡ್ಡಾದರೆ, ಓಣಿಯ ಅಂಗಡಿಯವನಿಗೆ ಅದು ಗೊತ್ತಾಗುತ್ತದೆ. "ಅಣ್ಣಾರ, ಮುಂದಿನ ಪಗಾರಕ್ಕ ಕೊಡ್ರಿ" ಎನ್ನುತ್ತಾನೆ, ಬಡ್ಡಿ ಬರೆಯುವುದಿಲ್ಲ. ಕಾರ್ಡಿನ ಯಂತ್ರಕ್ಕೆ ನಿಮ್ಮ ಜಡ್ಡು ಗೊತ್ತಾಗುವುದಿಲ್ಲ. ಕಾರ್ಡಿಗಾಗಿ ಅಂಗಡಿಯ ಸಂಬಂಧ ಕಡಿದುಕೊಂಡವನಿಗೆ ಕಷ್ಟಕಾಲದಲ್ಲಿ ಎರಡೂ ಕಡೆ ಬಾಗಿಲು ಮುಚ್ಚಿರುತ್ತದೆ. ವರ್ಷಕ್ಕೆ 180 ರೂಪಾಯಿಗಾಗಿ ಇದನ್ನು ಕಳೆದುಕೊಳ್ಳಬೇಕೇ ಎಂದು ಪ್ರತಿಯೊಬ್ಬರೂ ಯೋಚಿಸಬೇಕು.

ನಮ್ಮ ಸಲಹೆ

ಹಾಗೆಂದು ಕಾರ್ಡನ್ನೇ ಮುಟ್ಟಬೇಡಿರೆಂದು ನಾವು ಹೇಳುವುದಿಲ್ಲ. ನಮ್ಮ ಸಲಹೆ ಇಷ್ಟೆ.

ಮೊದಲನೆಯದು: ಮೂರು ತಿಂಗಳ ದಿನಸಿ ಖರ್ಚನ್ನು ಬರೆದಿಡಿರಿ, ಅದರಲ್ಲಿ ಕಾರ್ಡು ನಡೆಯುವ ಕಡೆ ಎಷ್ಟಾಯಿತೆಂದು ಬೇರೆ ಮಾಡಿರಿ. ಮೇಲೆ ಹೇಳಿದ ಲೆಕ್ಕಕ್ಕೆ ಹಚ್ಚಿರಿ. ನಮ್ಮ ತಾಲೂಕುಗಳ ಹೆಚ್ಚಿನ ಮನೆಗಳಿಗೆ ಶುಲ್ಕದ ಕಾರ್ಡು ಹೊಂದುವುದಿಲ್ಲ. ಬೇಕೇ ಬೇಕೆಂದರೆ ಶುಲ್ಕವಿಲ್ಲದ ಒಂದೇ ಕಾರ್ಡು ಸಾಕು. ಎರಡನೆಯದು: 'ಮೊದಲ ವರ್ಷ ಪುಕ್ಕಟೆ' ಎಂಬುದೂ 'ಜೀವಮಾನವಿಡೀ ಪುಕ್ಕಟೆ' ಎಂಬುದೂ ಒಂದೇ ಅಲ್ಲ. ಎರಡನೆಯ ವರ್ಷ ಎಷ್ಟು ಎಂದು ಬರಹದಲ್ಲಿ ಕೇಳಿರಿ. ಮೂರನೆಯದು: ಪಗಾರದ ದಿನವೇ ಬಿಲ್ಲಿನ ಪೂರ್ತಿ ಮೊತ್ತ ಕಟ್ಟಿರಿ. ಹಾಗೆ ಕಟ್ಟುವ ನಂಬಿಕೆಯಿಲ್ಲದವರು, ಪಗಾರ ತಪ್ಪುತ್ತಿರುವವರು, ಈಗಾಗಲೇ ಕೈಸಾಲವಿರುವವರು ಯಾವ ಕಾರ್ಡನ್ನೂ ತೆಗೆದುಕೊಳ್ಳಬಾರದು. ನಾಲ್ಕನೆಯದು: ಫೋನಿನಲ್ಲಿ ತರಿಸುವ ಮುನ್ನ ಅದೇ ಬೇಳೆಗೆ ಓಣಿಯಲ್ಲಿ ಎಷ್ಟು ಬೆಲೆ ಎಂದು ಕೇಳಿರಿ, ತಂದುಕೊಡುವ ಖರ್ಚನ್ನೂ ಕೂಡಿಸಿರಿ. ಕಿಲೋಗೆ ಹತ್ತು ರೂಪಾಯಿ ಹೆಚ್ಚು ಕೊಟ್ಟು ಐದು ರೂಪಾಯಿ ತಿರುಗಿ ಪಡೆಯುವುದು ಉಳಿತಾಯವಲ್ಲ.

ಐದನೆಯದು: ನಿಮ್ಮ ಹಕ್ಕು ತಿಳಿದಿರಿ. 2022ರಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ನಿಯಮಗಳಂತೆ ನೀವು ಕೇಳದೆ ಕಾರ್ಡು ಕಳಿಸುವಂತಿಲ್ಲ. ಬಾಕಿಯೆಲ್ಲ ತೀರಿಸಿ ಕಾರ್ಡು ಮುಚ್ಚಲು ಕೇಳಿದರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿಯಂತೆ ನಿಮಗೇ ದಂಡ ಕೊಡಬೇಕು. ಮುಂಜಾನೆ ಎಂಟಕ್ಕೆ ಮೊದಲು, ಸಂಜೆ ಏಳರ ನಂತರ ವಸೂಲಿಯವರು ಫೋನು ಮಾಡುವಂತಿಲ್ಲ. ಬ್ಯಾಂಕಿಗೆ ದೂರು ಬರೆದು 30 ದಿನದಲ್ಲಿ ಪರಿಹಾರವಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ದೂರು ಕೊಡಬಹುದು, ಅದಕ್ಕೆ ಖರ್ಚಿಲ್ಲ. ನರಗುಂದದ ನಮ್ಮ ಬಂಧುವಿಗೂ ಇದನ್ನೇ ಹೇಳಿದೆವು. ಮೊದಲು ಬಾಕಿ ತೀರಿಸಿ ಆ ಕಾರ್ಡನ್ನು ಮುಚ್ಚಿಸಿರಿ, ಆರು ತಿಂಗಳು ಕೈಯಲ್ಲಿರುವ ರೊಕ್ಕದಿಂದಲೇ ಸಂಸಾರ ನಡೆಸಿ ನೋಡಿರಿ, ಆಮೇಲೆ ಹೊಸದರ ಮಾತು. ಅರ್ಜಿಯನ್ನು ನಾವೇ ಬರೆದುಕೊಟ್ಟೆವು.

ಸರಕಾರಕ್ಕೂ ರಿಸರ್ವ್ ಬ್ಯಾಂಕಿಗೂ ನಮ್ಮ ಒತ್ತಾಯ ಮೂರು. ಸಣ್ಣ ವ್ಯಾಪಾರಿಯಿಂದ ಕ್ರೆಡಿಟ್ ಕಾರ್ಡಿಗೆ ಕಡಿಯುವ ಕಮಿಷನ್ನಿಗೆ, ಡೆಬಿಟ್ ಕಾರ್ಡಿಗೆ ಹಾಕಿದಂತೆ, ಮಿತಿ ಹಾಕಬೇಕು. ಬಾಕಿಯ ಬಡ್ಡಿಗೆ ಮೇಲ್ಮಿತಿ ಗೊತ್ತುಮಾಡಬೇಕು. ಅರ್ಜಿಯ ಮೊದಲ ಪುಟದಲ್ಲೇ ಶುಲ್ಕ, ಬಡ್ಡಿ, ದಂಡಗಳನ್ನು ದೊಡ್ಡ ಅಕ್ಷರಗಳ ಕನ್ನಡದಲ್ಲಿ ಅಚ್ಚು ಹಾಕಿಸಬೇಕು.

ನಿಜವಾದ ಕ್ಯಾಶ್‌ಬ್ಯಾಕು

ಕೊನೆಯದಾಗಿ ಒಂದು ಹಳೆಯ ಸಂಗತಿ. ದಿನಸಿ ಕೊಂಡವನಿಗೆ ಹಣ ತಿರುಗಿ ಕೊಡುವ ಪದ್ಧತಿಯನ್ನು ಕಂಡುಹಿಡಿದದ್ದು ಈಗಿನ ಬ್ಯಾಂಕುಗಳಲ್ಲ. 1844ರ ಡಿಸೆಂಬರ್ 21ರಂದು ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಗಿರಣಿ ಊರಿನಲ್ಲಿ ನೇಕಾರರೂ ಇತರ ಕೆಲಸಗಾರರೂ ಆದ 28 ಜನರು 28 ಪೌಂಡು ಕೂಡಿಸಿ ಒಂದು ಅಂಗಡಿ ತೆರೆದರು. ಹಿಟ್ಟು, ಬೆಣ್ಣೆ, ಸಕ್ಕರೆ, ಮೇಣದಬತ್ತಿ ಇಟ್ಟರು. ನಗದಿಗೆ ಮಾತ್ರ ಮಾರಿದರು. ಉಳಿದ ಲಾಭವನ್ನು, ಯಾರು ಎಷ್ಟು ಕೊಂಡರೋ ಅದಕ್ಕೆ ತಕ್ಕಂತೆ ಸದಸ್ಯರಿಗೇ ತಿರುಗಿ ಹಂಚಿದರು. ಆ ಹಣ ಬಾಕಿದಾರನ ಬಡ್ಡಿಯಿಂದ ಬಂದದ್ದಲ್ಲ, ಬಡ ಗಿರಾಕಿಯಿಂದ ಕಿತ್ತದ್ದಲ್ಲ. ಅವರವರ ಹಣವೇ ಅವರವರಿಗೆ ಮರಳಿತು.

ಇಂಥ ಬುದ್ಧಿಗೆ ನಾವು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ನಮ್ಮದೇ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಊರಿನವರನ್ನು ಕೂಡಿಸಿ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ದೇಶದ ಸಹಕಾರಿ ಚಳವಳಿಯ ಮೊದಲ ಹೆಸರುಗಳಲ್ಲಿ ಆ ಹಳ್ಳಿಯ ಹೆಸರಿದೆ. ಇಂದು ಗಜೇಂದ್ರಗಡದ ನೇಕಾರರೂ ನರಗುಂದದ ಕಾಮಗಾರರೂ ರೋಣದ ಸಣ್ಣ ವ್ಯಾಪಾರಿಗಳೂ ಕೂಡಿ ಎಣ್ಣೆ, ಸಕ್ಕರೆ, ಬೇಳೆಗಳನ್ನು ಸಗಟಾಗಿ ತಂದರೆ ಉಳಿಯುವ ಹಣ ಯಾವ ಕಾರ್ಡು ಕೊಡುವುದಕ್ಕಿಂತಲೂ ಕಡಿಮೆಯಾಗದು ಎಂಬುದು ನಮ್ಮ ನಂಬಿಕೆ. ಸಹಕಾರಿ ಸಂಘಗಳು ಕೆಲವರ ಕೈಗೆ ಸಿಕ್ಕು ಕೆಟ್ಟದ್ದನ್ನೂ ನಾವು ಕಂಡಿದ್ದೇವೆ; ಅದಕ್ಕೆ ಮದ್ದು ಸದಸ್ಯರು ಸಭೆಗೆ ಬಂದು ಲೆಕ್ಕ ಕೇಳುವುದೇ ಹೊರತು ಸಂಘವನ್ನು ಬಿಡುವುದಲ್ಲ.

ಮೂರೂ ಊರುಗಳಲ್ಲಿ ಆಸಕ್ತರು ಕೂಡಿ ಈ ವಿಚಾರವನ್ನು ಚರ್ಚಿಸಲಿ. ಅಲ್ಲಿಯ ತನಕ ಪ್ರತಿ ಮನೆಯಲ್ಲೂ ಒಂದು ವಹಿ ಇರಲಿ, ಅದರಲ್ಲಿ ದಿನದ ಖರ್ಚು ಬರೆಯಲಿ. ಕಾರ್ಡು ಕೊಡಲು ಬಂದವನ ಮುಂದೆ ಆ ವಹಿಯನ್ನು ಬಿಚ್ಚಿಟ್ಟು ಮಾತಾಡುವ ಮನೆಯನ್ನು ಯಾರೂ ಸುಲಭವಾಗಿ ಮೋಸಗೊಳಿಸಲಾರರು.